ಗರ್ಭಿಣಿ ಆದಾಗ ಎಲ್ಲಿದ್ದಿರಿ?

ನನ್ನ ಕೆಲಸ ಏನು ಅಂತ ಯಾರಾದರೂ ಕೇಳಿದರೆ ಹೇಳುವುದು ಸ್ವಲ್ಪ ಕಷ್ಟ. ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಇದ್ದೇನೆ ಅಂದ ಕೂಡಲೇ ನೆಂಟರೆಲ್ಲ ನರ್ಸ್ ಅಂದುಕೊಂಡು ತಮ್ಮ ಬಿಪಿ ಮಾತ್ರೆ ಹೊರಗೆ ತೆಗೆಯುತ್ತಾರೆ. ನಾನು ನರ್ಸ್ ಅಲ್ಲ ಮಾರಾಯ್ರೆ. ನಾನಿರುವುದು ಎಂಆರ್‌ಡಿಯಲ್ಲಿ, ಅಂದರೆ ಮೆಡಿಕಲ್ ರೆಕಾರ್ಡ್ಸ್ ವಿಭಾಗದಲ್ಲಿ. ರೋಗಿ ಮನೆಗೆ ಹೋದ ಮೇಲೆ ಅವರ ಫೈಲ್ ನಮ್ಮ ಮೇಜಿಗೆ ಬರುತ್ತದೆ. ಡಾಕ್ಟರ ಕೈಬರಹ ಓದಿ, ಪ್ರತಿ ಕಾಯಿಲೆಗೂ ಐಸಿಡಿ-10 ಅನ್ನುವ ಪಟ್ಟಿಯಿಂದ ಒಂದು ಕೋಡ್ ಹುಡುಕಿ ಹಾಕಬೇಕು. ಹುಟ್ಟುವಾಗಲೇ ಇರುವ ತೊಂದರೆಗಳ ಕೋಡ್ ಹೆಚ್ಚಿನವು ಕ್ಯೂ ಅಕ್ಷರದಿಂದ ಶುರು. ಕ್ಯೂ36 ಸೀಳು ತುಟಿ. ಕ್ಯೂ66 ಸೊಟ್ಟ ಪಾದ. ಕ್ಯೂ05 ಬೆನ್ನುಹುರಿಯ ಕಾಲುವೆ ಸರಿಯಾಗಿ ಮುಚ್ಚದೆ ಉಳಿದದ್ದು. ಕ್ಯೂ90 ಡೌನ್ ಸಿಂಡ್ರೋಮ್. ಇಷ್ಟು ವರ್ಷ ಮಾಡಿ ಮಾಡಿ ಈಗ ಪುಸ್ತಕ ನೋಡದೆಯೇ ಬರುತ್ತದೆ. ಅದೇನು ಹೆಮ್ಮೆಪಡುವ ವಿಷಯವೋ ಗೊತ್ತಿಲ್ಲ.

ಒಂದು ದಿನ ಕಾಸರಗೋಡು ಕಡೆಯ ಒಬ್ಬರು ಮಗನ ಫೈಲಿನ ಪ್ರತಿ ತೆಗೆದುಕೊಂಡು ಹೋಗಲು ಬಂದಿದ್ದರು. ಅಂಗವಿಕಲ ಪ್ರಮಾಣಪತ್ರಕ್ಕೆ ಬೇಕಿತ್ತಂತೆ. ಜೆರಾಕ್ಸ್ ಆಗುವವರೆಗೆ ಸುಮ್ನೆ ನಿಂತಿದ್ದವರು ಕೇಳಿದರು, "ಮೇಡಂ, ಇಂಥ ಮಕ್ಕಳು ನಿಮ್ಮಲ್ಲಿ ವರ್ಷಕ್ಕೆ ಎಷ್ಟು ಬರ್ತಾರೆ?" ಅದು ನನಗೆ ಒಂದು ನಿಮಿಷದ ಕೆಲಸ. ಕೋಡ್ ಹಾಕಿ ಹುಡುಕಿ ಸಂಖ್ಯೆ ಹೇಳಿಬಿಟ್ಟೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ನಮ್ಮ ಊರಲ್ಲಿ ಜಾಸ್ತಿ ಉಂಟಾ?" ಅಂದರು.

ನನ್ನಲ್ಲಿ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಎದುರಿಗೆ ಕಂಪ್ಯೂಟರ್ ತುಂಬ ಕೋಡ್ ಇಟ್ಟುಕೊಂಡೂ ಯಾಕೆ ಇಲ್ಲ ಅಂತ ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ಶಾಲೆಯಲ್ಲಿ ಭಿನ್ನರಾಶಿ ಕಲಿತದ್ದು ನೆನಪಿದೆಯಲ್ಲ, ಮೇಲೆ ಅಂಶ, ಕೆಳಗೆ ಛೇದ. ನನ್ನ ಹತ್ತಿರ ಇರುವುದು ಬರೀ ಮೇಲಿನದು, ತೊಂದರೆ ಇರುವ ಮಕ್ಕಳ ಸಂಖ್ಯೆ. ಅವರ ಊರಲ್ಲಿ ಒಟ್ಟು ಎಷ್ಟು ಮಕ್ಕಳು ಹುಟ್ಟಿದರು ಅನ್ನುವ ಕೆಳಗಿನದು ಇಲ್ಲ. ಮಂಗಳೂರಿನ ಆಸ್ಪತ್ರೆಗಳಿಗೆ ಕಾಸರಗೋಡಿನಿಂದ ಬರುತ್ತಾರೆ, ಕೊಡಗಿನಿಂದ, ಚಿಕ್ಕಮಗಳೂರಿನಿಂದ, ಉತ್ತರ ಕನ್ನಡದಿಂದ ಬರುತ್ತಾರೆ. ಅದರಲ್ಲೂ ಸ್ಕ್ಯಾನಿಂಗಲ್ಲಿ ಏನೋ ತೊಂದರೆ ಕಂಡವರನ್ನೇ ಆರಿಸಿದ ಹಾಗೆ ಇಲ್ಲಿಗೆ ಕಳಿಸುತ್ತಾರೆ. ಸಹಜ ಹೆರಿಗೆಗಳೆಲ್ಲ ಊರಿನ ತಾಲೂಕು ಆಸ್ಪತ್ರೆಯಲ್ಲೇ ಮುಗಿದಿರುತ್ತವೆ. ಹಾಗಾಗಿ ನಮ್ಮ ಆಸ್ಪತ್ರೆಯ ಲೆಕ್ಕ ಮಾತ್ರ ನೋಡಿದರೆ ಮಂಗಳೂರಿನಲ್ಲಿ ಭಯಂಕರ ಏನೋ ನಡೆಯುತ್ತಿದೆ ಅಂತ ಅನಿಸುತ್ತದೆ. ಬಂದರಿನಲ್ಲಿ ನಿಂತು ಬುಟ್ಟಿ ಎಣಿಸಿ ಸಮುದ್ರದಲ್ಲಿ ಎಷ್ಟು ಮೀನಿದೆ ಅಂತ ಹೇಳಿದ ಹಾಗೆ.

ಸಂಖ್ಯೆ ಚಿಕ್ಕದಿದ್ದರೆ ಇನ್ನೊಂದು ಗೋಳು. ಒಂದು ಆಸ್ಪತ್ರೆಯಲ್ಲಿ ವರ್ಷಕ್ಕೆ 3,000 ಹೆರಿಗೆ, ಸೀಳು ತುಟಿ ಸಾವಿರಕ್ಕೆ ಒಂದು ಅಂತ ಇಟ್ಟುಕೊಳ್ಳಿ. ಸರಾಸರಿ ವರ್ಷಕ್ಕೆ 3 ಮಕ್ಕಳು. ಒಂದು ವರ್ಷ 6 ಬಂದರೆ? ದುಪ್ಪಟ್ಟು! ಪೇಪರಲ್ಲಿ ಬರುತ್ತದೆ, ನೀರು ಪರೀಕ್ಷೆ ಮಾಡಿ ಅಂತ ಮನವಿ ಕೊಡುತ್ತಾರೆ. ಆದರೆ ಸಂಭವನೀಯತೆಯ ಲೆಕ್ಕ ಹಾಕಿದರೆ, ಯಾವ ಕಾರಣವೂ ಇಲ್ಲದೆ, ಸುಮ್ನೆ ಅದೃಷ್ಟದಾಟದಲ್ಲೇ, ಸುಮಾರು 12 ವರ್ಷಕ್ಕೊಮ್ಮೆ 6 ಅಥವಾ ಅದಕ್ಕಿಂತ ಜಾಸ್ತಿ ಬಂದೇ ಬರುತ್ತದೆ. ಹತ್ತು ಹನ್ನೆರಡು ಆಸ್ಪತ್ರೆ ಇರುವ ಊರಲ್ಲಿ ಸರಾಸರಿ ವರ್ಷಕ್ಕೊಮ್ಮೆ ಯಾವುದೋ ಒಂದು ಕಡೆ ಹೀಗೆ ಆಗುತ್ತಲೇ ಇರುತ್ತದೆ. ನಿಜವಾದ ಏರಿಕೆಯನ್ನೂ ಈ ಏರುಪೇರನ್ನೂ ಬೇರೆ ಮಾಡಬೇಕಾದರೆ ಒಂದು ಆಸ್ಪತ್ರೆ ಸಾಲದು. ಜಿಲ್ಲೆಯೂ ಎಷ್ಟೋ ಸಲ ಸಾಲದು. ದೇಶದ ಮಟ್ಟದಲ್ಲಿ, ಎಲ್ಲರನ್ನೂ, ವರ್ಷ ವರ್ಷ ಎಣಿಸಬೇಕು.

ಬೇರೆ ದೇಶಗಳು ಇದನ್ನು ಕಲಿತದ್ದು ದೊಡ್ಡ ಪೆಟ್ಟು ತಿಂದು. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಥ್ಯಾಲಿಡೋಮೈಡ್ ಅನ್ನುವ ನಿದ್ರೆ ಮಾತ್ರೆ ಮಾರಾಟಕ್ಕೆ ಬಂತು. ಬೆಳಗಿನ ವಾಂತಿಗೆ ಒಳ್ಳೆಯದು ಅಂತ ಗರ್ಭಿಣಿಯರೂ ತೆಗೆದುಕೊಂಡರು. ಕೈಕಾಲು ಬೆಳೆಯದ ಮಕ್ಕಳು ಹುಟ್ಟತೊಡಗಿದವು. ಪ್ರತಿ ಊರಿನ ಡಾಕ್ಟರೂ ಇಂಥದ್ದನ್ನು ಒಂದೋ ಎರಡೋ ನೋಡಿ, ನನ್ನ ಅಪರೂಪದ ಕೇಸು ಇದು ಅಂದುಕೊಂಡರು. ಹ್ಯಾಂಬರ್ಗಿನ ಮಕ್ಕಳ ಡಾಕ್ಟರ್ ವಿಡುಕಿಂಡ್ ಲೆನ್ಜ್ ಮನೆ ಮನೆಗೆ ಹೋಗಿ ತಾಯಂದಿರನ್ನು ಕೇಳಿ ಕೇಳಿ ಗುಟ್ಟು ಹಿಡಿದದ್ದು 1961ರ ನವೆಂಬರಿನಲ್ಲಿ. ಆ ತಿಂಗಳೇ ಮಾತ್ರೆ ವಾಪಸಾಯಿತು. ನಾಲ್ಕು ವರ್ಷ! ಅಷ್ಟರಲ್ಲಿ ಜಗತ್ತಿನಲ್ಲಿ ಹತ್ತು ಸಾವಿರಕ್ಕಿಂತ ಜಾಸ್ತಿ ಮಕ್ಕಳಿಗೆ ಹೀಗಾಗಿತ್ತು ಅಂತ ಅಂದಾಜು. ಇಡೀ ದೇಶದ ಲೆಕ್ಕ ಒಂದೇ ಕಡೆ ಸೇರುತ್ತಿದ್ದರೆ, ಇಷ್ಟು ಅಪರೂಪದ ಊನ ಒಮ್ಮೆಗೇ ಏರಿದ್ದು ಮೊದಲ ವರ್ಷವೇ ಕಣ್ಣಿಗೆ ಹೊಡೆಯುತ್ತಿತ್ತು.

ಆಮೇಲೆ ಎಲ್ಲರೂ ಪುಸ್ತಕ ತೆರೆದರು, ಅಂದರೆ ಹುಟ್ಟಿನ ದೋಷಗಳನ್ನು ಎಣಿಸಿ ಬರೆದಿಡುವ ರಿಜಿಸ್ಟ್ರಿ. ಫಿನ್ಲೆಂಡ್ 1963ರಲ್ಲಿ, ಇಂಗ್ಲೆಂಡ್ ಮತ್ತು ವೇಲ್ಸ್ 1964ರಲ್ಲಿ, ನಾರ್ವೆ 1967ರಲ್ಲಿ. ಅಮೆರಿಕದ ಅಟ್ಲಾಂಟಾದಲ್ಲೂ 1967ರಲ್ಲೇ. ಈ ಪುಸ್ತಕಗಳನ್ನೆಲ್ಲ ಹೋಲಿಸಿ ನೋಡಲು 1974ರಲ್ಲಿ ಒಂದು ಅಂತರರಾಷ್ಟ್ರೀಯ ಕೂಟ, 1979ರಲ್ಲಿ ಯುರೋಪಿಗೆ ಯುರೋಕ್ಯಾಟ್ ಅಂತ ಇನ್ನೊಂದು.

ಈ ಪುಸ್ತಕಗಳಿಂದ ಉಪಯೋಗ ಆಯಿತಾ ಅಂದರೆ, ಆಗಿದೆ. 1982ರಲ್ಲಿ ಫ್ರಾನ್ಸಿನ ಲಿಯೋನ್ ಊರಿನ ದಾಖಲೆಯನ್ನು ನೋಡುತ್ತಿದ್ದ ಎಲಿಜಬೆತ್ ರಾಬರ್ಟ್ ಅನ್ನುವವರಿಗೆ ಒಂದು ವಿಷಯ ಕಂಡಿತು. ಬೆನ್ನುಹುರಿಯ ದೋಷ ಇದ್ದ ಮಕ್ಕಳ ತಾಯಂದಿರಲ್ಲಿ ವಾಲ್‌ಪ್ರೊಯೇಟ್ ಅನ್ನುವ ಫಿಟ್ಸ್ ಮಾತ್ರೆ ತೆಗೆದುಕೊಂಡವರು ಇರಬೇಕಾದ್ದಕ್ಕಿಂತ ಜಾಸ್ತಿ ಇದ್ದರು. ಈಗ ಆ ಮಾತ್ರೆಯನ್ನು ಮಕ್ಕಳಾಗುವ ವಯಸ್ಸಿನ ಹೆಂಗಸರಿಗೆ ಕೊಡುವಾಗ ಡಾಕ್ಟರು ಹತ್ತು ಸಲ ಯೋಚಿಸುತ್ತಾರೆ. (ಇದನ್ನು ಓದಿ ಯಾರೂ ಮಾತ್ರೆ ಬಿಡಬೇಡಿ, ಫಿಟ್ಸ್ ಬಂದರೆ ಅದು ಇನ್ನೂ ಅಪಾಯ. ಡಾಕ್ಟರ ಹತ್ತಿರ ಕೇಳಿ.) ಒಬ್ಬರು ಪುಸ್ತಕ ತಿರುವಿ ಹಾಕುತ್ತಿದ್ದಾಗ ಸಿಕ್ಕಿದ್ದು ಇದು. ನನ್ನಂಥವಳಿಗೆ ಇದನ್ನು ಓದಿದಾಗ ಎಷ್ಟು ಖುಷಿಯಾಗುತ್ತದೆ ಅಂತ ಬೇರೆಯವರಿಗೆ ಹೇಳಿದರೆ ಅರ್ಥ ಆಗಲಿಕ್ಕಿಲ್ಲ.

ನಮ್ಮ ಕಡೆಯ ಕತೆ ನಿಮಗೆ ಗೊತ್ತೇ ಉಂಟು. ಎಂಡೋಸಲ್ಫಾನ್. ಗೇರುಮರಕ್ಕೆ ಬರುವ ಟೀ ಸೊಳ್ಳೆ ಅನ್ನುವ ಕೀಟವನ್ನು ಕೊಲ್ಲಲು ಕಾಸರಗೋಡಿನ ಸರಕಾರಿ ಗೇರುತೋಟಗಳಲ್ಲಿ ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಸಿಂಪಡಿಸಿದರು. ಇತ್ತ ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆ ಕಡೆಯೂ ಅದೇ ಮದ್ದು. ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ಕ್ಲಿನಿಕ್ ಇಟ್ಟಿದ್ದ ಡಾಕ್ಟರ್ ಮೋಹನ ಕುಮಾರ್, ಇದೇನು ನನ್ನ ಇಷ್ಟು ಚಿಕ್ಕ ಊರಲ್ಲಿ ಇಷ್ಟು ಮಕ್ಕಳಿಗೆ ಹೀಗೆ, ಅಂತ ಗಮನಿಸಿದರು. ಪತ್ರಕರ್ತ ಶ್ರೀಪಡ್ರೆ ಅದನ್ನು ಜಗತ್ತಿಗೆ ಬರೆದರು. ಕೊನೆಗೆ 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಲ್ಲೆಲ್ಲ ಅದನ್ನು ನಿಲ್ಲಿಸಿತು. 2017ರಲ್ಲಿ ಕೇರಳದ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಅಂತಲೂ ಹೇಳಿತು.

ಇದರ ನಡುವೆ ಎಷ್ಟು ಸಮಿತಿ, ಎಷ್ಟು ವರದಿ! ಒಂದು ಹೌದು ಅಂದರೆ ಇನ್ನೊಂದು ಸಾಬೀತಾಗಿಲ್ಲ ಅನ್ನುತ್ತಿತ್ತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದು ಸಿಂಪಡಿಸಿದ ಊರಿನ ಮಕ್ಕಳನ್ನೂ ಸಿಂಪಡಿಸದ ಊರಿನ ಮಕ್ಕಳನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಸಿಂಪಡಿಸಿದ ಊರಿನ ಗಂಡುಮಕ್ಕಳು ಪ್ರಾಯಕ್ಕೆ ಬರುವುದು ತಡ ಆಗುತ್ತಿದೆ ಅಂತ 2003ರಲ್ಲಿ ಪ್ರಕಟಿಸಿದರು. ಅದಕ್ಕೂ ತಕರಾರು ಬಂತು. ಜಗಳ ಇಷ್ಟು ಎಳೆಯಲು ಒಂದು ಮುಖ್ಯ ಕಾರಣ, ಹೆಲಿಕಾಪ್ಟರ್ ಬರುವ ಮೊದಲು ಆ ಊರುಗಳಲ್ಲಿ ಇಂಥ ಮಕ್ಕಳು ಎಷ್ಟು ಹುಟ್ಟುತ್ತಿದ್ದರು ಅಂತ ಯಾರೂ ಬರೆದಿಟ್ಟಿರಲಿಲ್ಲ. ಮೊದಲಿನ ಲೆಕ್ಕ ಇಲ್ಲದಿದ್ದರೆ ಜಾಸ್ತಿ ಆಯಿತು ಅಂತ ತೋರಿಸುವುದು ಹೇಗೆ? ಆಯಿತು ಅಂತ ನೊಂದವರಿಗೆ ಗೊತ್ತು. ಆಗಿಲ್ಲ ಅಂತ ಹೇಳುವವರಿಗೆ ಪುಸ್ತಕ ಖಾಲಿ ಇದ್ದದ್ದೇ ಅನುಕೂಲ. ಇಂಥ ಪುಸ್ತಕವನ್ನು ಏನೂ ಆಗದ ಕಾಲದಲ್ಲೇ ಶುರು ಮಾಡಬೇಕು, ಬೊಬ್ಬೆ ಎದ್ದ ಮೇಲೆ ಅಲ್ಲ. ಏನೂ ಆಗದ ಕಾಲದಲ್ಲಿ ಯಾರು ದುಡ್ಡು ಕೊಡುತ್ತಾರೆ, ಅದು ಬೇರೆ ಪ್ರಶ್ನೆ.

ಬೊಬ್ಬೆ ಎದ್ದ ಮೇಲೆ ಎಣಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ಬ್ರೆಜಿಲ್ ನೋಡಿ. 2015ರಲ್ಲಿ ಝೀಕಾ ಅನ್ನುವ ವೈರಸ್ ಬಂದಾಗ ತಲೆ ಚಿಕ್ಕದಿರುವ ಮಕ್ಕಳ ಸಂಖ್ಯೆ ಎದ್ದುಬಿಟ್ಟಿತು. ಅದು ನಿಜವೇ. ಆದರೆ ಅದರ ಜೊತೆ, ಅಲ್ಲಿಯವರೆಗೆ ಅಷ್ಟೇನೂ ಗಮನ ಕೊಡದಿದ್ದವರೆಲ್ಲ ಟೇಪ್ ಹಿಡಿದು ಪ್ರತಿ ತಲೆಯನ್ನೂ ಅಳೆಯತೊಡಗಿದರು. ಮೊದಲು ದಿನ ತುಂಬಿ ಹುಟ್ಟಿದ ಮಗುವಿಗೆ 33 ಸೆಂಟಿಮೀಟರ್ ಗಡಿ ಅಂತ ಇಟ್ಟರು. ಆರೋಗ್ಯವಾಗಿದ್ದ ಎಷ್ಟೋ ಮಕ್ಕಳೂ ಅದರಲ್ಲಿ ಸೇರಿದವು. ಡಿಸೆಂಬರಿನಲ್ಲಿ 32ಕ್ಕೆ ಇಳಿಸಿದರು. ಒಂದೇ ಒಂದು ಸೆಂಟಿಮೀಟರ್!

ನಮ್ಮಲ್ಲೂ ಹಾಗೇ. ಹಿಂದೆ ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿದ್ದಷ್ಟೇ ಲೆಕ್ಕ, ಈಗ ಎಕೋ, ಅಂದರೆ ಹೃದಯದ ಸ್ಕ್ಯಾನಿಂಗ್, ಮಾಡುತ್ತಾರೆ, ಹೃದಯದಲ್ಲಿ ಸಾಸಿವೆಯಷ್ಟು ರಂಧ್ರ ಇದ್ದರೂ ಸಿಗುತ್ತದೆ. ಹೃದಯದ ದೋಷ ಜಾಸ್ತಿ ಆಯಿತು ಅನ್ನುವವರಿಗೆ ನಾನು ಹೇಳುವುದು, ಮೆಷಿನ್ ಜಾಸ್ತಿ ಆಯಿತು ಅಂತ. ಇನ್ನು ಕೆಲವು ತೊಂದರೆ ಕಡಿಮೆಯಾದ ಹಾಗೆ ಕಾಣುತ್ತವೆ, ಯಾಕೆಂದರೆ 18 ರಿಂದ 20ನೇ ವಾರದ ಸ್ಕ್ಯಾನಿಂಗಲ್ಲಿ ಕಂಡು ಅಲ್ಲಿಗೇ ನಿಲ್ಲಿಸಿರುತ್ತಾರೆ. 2021ರಲ್ಲಿ ಗರ್ಭಪಾತದ ಕಾನೂನು ತಿದ್ದಿದ ಮೇಲೆ ದೊಡ್ಡ ದೋಷ ಇದ್ದರೆ ಮೆಡಿಕಲ್ ಬೋರ್ಡ್ ಒಪ್ಪಿಗೆಯಿಂದ 24 ವಾರದ ನಂತರವೂ ಆಗುತ್ತದೆ. ಜೀವಂತ ಹುಟ್ಟಿದ ಮಕ್ಕಳನ್ನು ಮಾತ್ರ ಎಣಿಸಿದರೆ ಇವೆಲ್ಲ ಲೆಕ್ಕಕ್ಕೇ ಬರುವುದಿಲ್ಲ. ಒಳ್ಳೆಯ ರಿಜಿಸ್ಟ್ರಿಗಳು ಇದನ್ನೂ, ಹೊಟ್ಟೆಯಲ್ಲೇ ತೀರಿಹೋದವುಗಳನ್ನೂ ಸೇರಿಸಿಯೇ ಎಣಿಸುತ್ತವೆ.

ಈಗ ಗ್ರಹಣದ ವಿಷಯ ಹೇಳದಿದ್ದರೆ ಆಗುವುದಿಲ್ಲ. 2019ರ ಡಿಸೆಂಬರ್ 26ರಂದು ಬೆಳಿಗ್ಗೆ ಕಂಕಣ ಸೂರ್ಯಗ್ರಹಣ, ಬಳೆಯ ಹಾಗೆ ಮಂಗಳೂರಿನಲ್ಲೇ ಕಂಡಿತ್ತಲ್ಲ, ಆಗ ನನ್ನ ನಾದಿನಿಗೆ ಏಳು ತಿಂಗಳು. ನಮ್ಮ ಅತ್ತೆ ಅವಳನ್ನು ಕೋಣೆಯೊಳಗೆ ಕೂರಿಸಿ, ಕಿಟಕಿಗೆ ಬೆಡ್‌ಶೀಟ್ ಕಟ್ಟಿ, ಕತ್ತಿ ಮೆಟ್ಟುಕತ್ತಿ ಎಲ್ಲ ಅಡಗಿಸಿ ಇಟ್ಟರು. ಗ್ರಹಣದ ಹೊತ್ತಿಗೆ ಏನಾದರೂ ಕೊಯ್ದರೆ ಮಗುವಿನ ತುಟಿ ಸೀಳುತ್ತದಂತೆ. ನಾನು ಹೇಳಿದೆ, ಅತ್ತೆ, ಮಗುವಿನ ಮೇಲ್ದುಟಿ ಕೂಡುವುದು ನಾಲ್ಕರಿಂದ ಏಳನೇ ವಾರದೊಳಗೆ, ಬಾಯಿಯ ಅಂಗುಳ ಒಂಬತ್ತನೇ ವಾರದ ಹೊತ್ತಿಗೆ ಮುಗಿಯುತ್ತದೆ, ಏಳು ತಿಂಗಳಲ್ಲಿ ಸೂರ್ಯನೇ ಬಂದರೂ ಏನೂ ಆಗುವುದಿಲ್ಲ. "ನಿನಗೆ ಎಲ್ಲ ಗೊತ್ತುಂಟು" ಅಂತ ಬಾಗಿಲು ಹಾಕಿದರು.

ಆದರೆ ನನ್ನ ತಲೆಯಲ್ಲಿ ಅದು ಉಳಿಯಿತು. ಗ್ರಹಣದ ದಿನ ತುಟಿ ಕೂಡುತ್ತಿದ್ದ ಮಕ್ಕಳು ಹುಟ್ಟುವುದು ಯಾವಾಗ ಅಂತ ಲೆಕ್ಕ ಹಾಕಿದೆ, 2020ರ ಆಗಸ್ಟ್ ಹೊತ್ತಿಗೆ. ಆ ತಿಂಗಳು ಕಳೆದ ಮೇಲೆ ನಮ್ಮ ಕಂಪ್ಯೂಟರಲ್ಲಿ ಕ್ಯೂ36 ಹಾಕಿ ನೋಡಿದೆ. ಒಂದೂ ಇಲ್ಲ. ಮನೆಗೆ ಬಂದು ಗೆದ್ದವಳ ಹಾಗೆ ಹೇಳಿದೆ. ಅತ್ತೆ ತೆಂಗಿನಕಾಯಿ ತುರಿಯುತ್ತಾ ತಲೆ ಎತ್ತದೆ ಹೇಳಿದರು, "ಎಲ್ಲರೂ ಒಳಗೆ ಕೂತಿದ್ದರಲ್ಲ, ಅದಕ್ಕೇ." ನನಗೆ ಉತ್ತರ ಹೊಳೆಯಲಿಲ್ಲ. ಸತ್ಯ ಹೇಳಬೇಕೆಂದರೆ ಅವರು ಹೇಳಿದ್ದು ಸರಿಯಾದ ತಕರಾರೇ. ಹೊರಗೆ ಇದ್ದವರು ಎಷ್ಟು, ಒಳಗೆ ಇದ್ದವರು ಎಷ್ಟು ಅಂತ ನನ್ನಲ್ಲಿ ಇರಲಿಲ್ಲ. ಒಂದು ಆಸ್ಪತ್ರೆಯ ಒಂದು ತಿಂಗಳಿನ ಸೊನ್ನೆಗೆ ಬೆಲೆಯೂ ಇಲ್ಲ.

ಆ ಮೊದಲ ವಾರಗಳ ವಿಷಯವೇ ಎಲ್ಲದಕ್ಕಿಂತ ದೊಡ್ಡದು. ಮೆದುಳು ಮತ್ತು ಬೆನ್ನುಹುರಿ ಆಗುವ ಕಾಲುವೆ ಗರ್ಭ ನಿಂತ 28 ದಿನದೊಳಗೆ ಮುಚ್ಚಿಹೋಗುತ್ತದೆ. ಆ ಹೊತ್ತಿಗೆ ಎಷ್ಟೋ ಹೆಂಗಸರಿಗೆ ತಾವು ಗರ್ಭಿಣಿ ಅಂತಲೇ ಗೊತ್ತಿರುವುದಿಲ್ಲ. ಫೋಲಿಕ್ ಆಸಿಡ್ ಅನ್ನುವ ವಿಟಮಿನ್ ಮೊದಲೇ ತೆಗೆದುಕೊಂಡರೆ, ಆ ಕಾಲುವೆ ಮುಚ್ಚದ ಮಗು ಒಮ್ಮೆ ಹುಟ್ಟಿದ ತಾಯಂದಿರಲ್ಲಿ ಮತ್ತೆ ಹಾಗಾಗುವುದು ನೂರಕ್ಕೆ 72ರಷ್ಟು ಕಡಿಮೆಯಾಗುತ್ತದೆ ಅಂತ 1991ರಲ್ಲಿ ಬ್ರಿಟನ್ನಿನ ಅಧ್ಯಯನ ತೋರಿಸಿತು. ಕೆನಡಾದವರು 1998ರಿಂದ ಗೋಧಿ ಹಿಟ್ಟಿಗೇ ಅದನ್ನು ಸೇರಿಸಿದರು. ಮೊದಲು ಸಾವಿರ ಹುಟ್ಟಿಗೆ 1.58 ಇದ್ದದ್ದು ಆಮೇಲೆ 0.86ಕ್ಕೆ ಇಳಿಯಿತು. ಈ 1.58 ಅನ್ನುವ ಸಂಖ್ಯೆ ಅವರ ಹತ್ತಿರ ಇತ್ತಲ್ಲ, ನನಗೆ ಹೊಟ್ಟೆಕಿಚ್ಚು ಅದಕ್ಕೇ. ನಾವು ನಾಳೆ ಅಕ್ಕಿಗೋ ಹಿಟ್ಟಿಗೋ ಏನಾದರೂ ಸೇರಿಸಿದರೆ ಇಳಿಯಿತಾ ಇಲ್ಲವಾ ಅಂತ ಯಾವ ಸಂಖ್ಯೆಯಿಂದ ಕಳೆಯುವುದು?

ನಮ್ಮ ದೇಶದಲ್ಲಿ ಏನೂ ಇಲ್ಲ ಅಂತ ಹೇಳಿದರೆ ತಪ್ಪಾಗುತ್ತದೆ. 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಶುರುವಾಯಿತು. ಹುಟ್ಟಿದ ಮಗುವನ್ನು ತಲೆಯಿಂದ ಕಾಲಿನವರೆಗೆ ನೋಡಬೇಕು, ಆಶಾ ಕಾರ್ಯಕರ್ತೆಯರು ಮನೆಗೆ ಹೋದಾಗಲೂ ನೋಡಬೇಕು, ಅಂಗನವಾಡಿಗೆ ಶಾಲೆಗೆ ತಂಡ ಬರುತ್ತದೆ. ಹುಟ್ಟಿನ ದೋಷಗಳಲ್ಲಿ ಸೀಳು ತುಟಿ, ಸೊಟ್ಟ ಪಾದ, ಹುಟ್ಟು ಕಿವುಡು, ಕಣ್ಣಿನ ಪೊರೆ, ಹೃದಯ ಹೀಗೆ 9 ಬಗೆ ಅದರ ಪಟ್ಟಿಯಲ್ಲಿವೆ. ಮಕ್ಕಳಿಗೆ ಆಪರೇಷನ್ ಆಗುತ್ತದೆ, ಅದು ದೊಡ್ಡ ಉಪಕಾರ. ಆದರೆ ಅದರ ಉದ್ದೇಶ ಹುಡುಕಿ ಚಿಕಿತ್ಸೆ ಕೊಡಿಸುವುದು. ದೇಶದ ಪ್ರತಿ ಹುಟ್ಟನ್ನೂ ಹಿಡಿದು ವರ್ಷದಿಂದ ವರ್ಷಕ್ಕೆ ಹೋಲಿಸುವ ಒಂದು ಪುಸ್ತಕ ಇನ್ನೂ ನಮಗಿಲ್ಲ. ಆಗುವುದೇ ಇಲ್ಲ ಅಂತಲೂ ಅಲ್ಲ, ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತದೆ ಅಂತ 2019–21ರ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಮಕ್ಕಳು ನಮ್ಮ ಕೈಯಿಂದಲೇ ದಾಟಿ ಹೋಗುತ್ತಿದ್ದಾರೆ.

ನನ್ನ ಮೇಜಿನಲ್ಲಿ ಕಾಣುವ ತೊಡಕು ಇನ್ನೂ ಚಿಕ್ಕದು, ಕೇಳಿದರೆ ನಗು ಬರಬಹುದು. ಮಗು ಹುಟ್ಟಿದಾಗ ಅದಕ್ಕೆ ಹೆಸರಿರುವುದಿಲ್ಲ, ಫೈಲಿನ ಮೇಲೆ "ಬೇಬಿ ಆಫ್" ಅಂತ ತಾಯಿಯ ಹೆಸರು ಬರೆಯುತ್ತೇವೆ. ಆರು ತಿಂಗಳು ಬಿಟ್ಟು ಅದೇ ಮಗು ಹೃದಯದ ತಪಾಸಣೆಗೆ ಬರುತ್ತದೆ, ಈಗ ಅದಕ್ಕೆ ಚಂದದ ಹೆಸರುಂಟು, ಅಪ್ಪನ ಇನಿಶಿಯಲ್ ಉಂಟು, ಹಳೆ ಚೀಟಿ ಮನೆಯಲ್ಲಿ ಬಿಟ್ಟು ಬಂದಿದ್ದಾರೆ, ಕೌಂಟರಿನವರು ಹೊಸ ನಂಬರ್ ಕೊಡುತ್ತಾರೆ. ಅಲ್ಲಿಗೆ ಒಂದು ಮಗು ಎರಡಾಯಿತು. ಬೇರೆ ಆಸ್ಪತ್ರೆಗೂ ಹೋದರೆ ಮೂರು. ನಾರ್ವೆಯಲ್ಲಿ ಹುಟ್ಟಿದ ಮಗುವಿಗೆ ಒಂದು ನಂಬರ್ ಕೊಟ್ಟರೆ ಸಾಯುವವರೆಗೆ ಅದೇ.

ಎಲ್ಲಕ್ಕಿಂತ ನನಗೆ ತಲೆ ಕೆಡಿಸಿದ್ದು ವಿಳಾಸ. ಇದು ಯಾವ ನಾರ್ವೆಯವರಿಗೂ ಬರದ ಸಮಸ್ಯೆ. ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಲ್ಲಿ. ಸೀಮಂತ ಮುಗಿಸಿ ಹುಡುಗಿ ಅಮ್ಮನ ಮನೆಗೆ ಬರುತ್ತಾಳೆ, ನಮ್ಮ ಫೈಲಲ್ಲಿ ತವರಿನ ವಿಳಾಸ ಬೀಳುತ್ತದೆ. ಆದರೆ ಮಗುವಿನ ಅಂಗಾಂಗ ಎಲ್ಲ ಆದದ್ದು ಮೊದಲ ಮೂರು ತಿಂಗಳಲ್ಲಿ, ಗಂಡನ ಮನೆಯಲ್ಲಿ. ಅಲ್ಲಿನ ನೀರು, ಅಲ್ಲಿನ ತೋಟಕ್ಕೆ ಹೊಡೆದ ಮದ್ದು, ಅಲ್ಲಿನ ಡಾಕ್ಟರ್ ಬರೆದ ಮಾತ್ರೆ. ಗೇರುತೋಟದ ಪಕ್ಕದಲ್ಲಿ ಬಸುರಿಯಾಗಿದ್ದವಳು ಉಡುಪಿಯ ತವರಿಗೆ ಬಂದು ಹೆತ್ತರೆ ಲೆಕ್ಕ ಉಡುಪಿಗೆ. ನಮ್ಮೂರಲ್ಲಿ ಜಾಸ್ತಿ ಉಂಟಾ ಅಂತ ಕೇಳಿದ ಆ ಅಪ್ಪನಿಗೆ ನಾನು ಊರವಾರು ಪಟ್ಟಿ ತೆಗೆದು ಕೊಟ್ಟಿದ್ದರೂ ಅದು ಅಜ್ಜಿಮನೆಗಳ ಪಟ್ಟಿ ಆಗಿರುತ್ತಿತ್ತು ಅಷ್ಟೇ.

ಇದನ್ನು ನಮ್ಮ ಮಕ್ಕಳ ವಿಭಾಗದ ಡಾಕ್ಟರಿಗೆ ಹೇಳಿದೆ. ಅವರು ನಕ್ಕು, "ಹೌದಲ್ಲ ಮಾರಾಯ್ತಿ" ಅಂದು, ಕ್ಯೂ ಕೋಡ್ ಬಂದ ಮಕ್ಕಳ ಕೇಸ್ ಶೀಟಿನಲ್ಲಿ ಆ ಒಂದು ಪ್ರಶ್ನೆ ಕೇಳಿ ಬರೆಯಲು ಸಿಸ್ಟರ್‌ಗಳಿಗೆ ಹೇಳಿದರು. ನಾನು ಅದನ್ನು ಕಂಪ್ಯೂಟರಿಗೆ ಹಾಕಬೇಕು. ಅದಕ್ಕೆ ಅಂತ ಜಾಗ ಇಲ್ಲ, ಹಾಗಾಗಿ ಷರಾ ಅನ್ನುವ ಕೊನೆಯ ಡಬ್ಬಿಯಲ್ಲಿ ತುಂಬಿಸುತ್ತೇನೆ. ಆ ಡಬ್ಬಿಯಲ್ಲಿ ಹಾಕಿದ್ದನ್ನು ಹುಡುಕಲು ನಮ್ಮ ಸಾಫ್ಟ್‌ವೇರಿಗೆ ಬರುವುದಿಲ್ಲ, ಆದರೂ ಹಾಕುತ್ತೇನೆ.

ಮೊದಲ ವಾರ ಬಂದ ಫೈಲು ತೆರೆದೆ. ಮಗುವಿಗೆ ಸೊಟ್ಟ ಪಾದ, ಕ್ಯೂ66, ಪ್ಲಾಸ್ಟರ್ ಹಾಕಲು ಶುರು ಮಾಡಿದ್ದಾರೆ. ತವರು ಸುರತ್ಕಲ್. ಗಂಡನ ಮನೆ ಕುಂದಾಪುರ. ಸರಿ, ಕುಂದಾಪುರ ಅಂತ ಟೈಪ್ ಮಾಡಲು ಹೊರಟವಳು ಸಿಸ್ಟರ್ ಬರೆದ ಕೊನೆಯ ಸಾಲು ಓದಿದೆ. ಗರ್ಭಿಣಿ ಆದಾಗ ಎಲ್ಲಿದ್ದಿರಿ? ದುಬೈ.